ಗ್ರೀಕನ ಮಗ ಮನೆ ಸೇರಿದನೇ

ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರು ಏಳುತ್ತದೆ, ಬೀಳುತ್ತದೆ, ಶುಕ್ರವಾರದ ಚೌಕದೊಳಗೆ ರಾಹುಕಾಲ ಹತ್ತೂವರೆಯಿಂದ ಹನ್ನೆರಡು ಎಂಬ ಇರುವೆ ಸಾಲಿನಂಥ ಅಕ್ಷರ, ಅದರ ಮೇಲೆ ಚಂಪಾ ಬೆರಳಿಟ್ಟು ನಿಂತದ್ದು ಬೆಳಿಗ್ಗೆ, ಈಗಲೂ ನಿಂತಂತೆಯೇ ಇದೆ, ಈಗ ಬೇಡ ರೀ, ಹನ್ನೆರಡಾಗಲಿ, ಇದು ಮಗೂಗೆ ಒಳ್ಳೇ ಮಾತು ಹೇಳೋ ಹೊತ್ತಲ್ಲ — ಫೋನಿನ ಆ ತುದಿಯಲ್ಲಿ ಸುಬಾಂಗ್ ಜಯಾ ಕಡೆಯ ಆಸ್ಪತ್ರೆಯ ನರ್ಸು, ತಮಿಳು ಹುಡುಗಿ, ಸಾರ್, ನಿಮ್ಮ ಮಗಳು ಗಾನವಿಗೆ ಉಸಿರು ಸಾಲ್ತಿಲ್ಲ, ನಿದ್ದೆ ಬರಿಸಿ ಗಂಟಲಿಗೆ ಟ್ಯೂಬ್ ಹಾಕ್ತಾರೆ, ಮೊದಲು ನೀವು ಮಾತಾಡಿಬಿಡಿ, ವಿಡಿಯೋ ಹಾಕಲಾ — ಹಿಂದಿನಿಂದ ಚಂಪಾ ಹೇಳಿದ ರಾಹುಕಾಲ ಅವಳ ಕಿವಿಗೂ ಬಿದ್ದಿತ್ತು, ಆಂಟಿ, ನಮ್ಮಮ್ಮನೂ ನೋಡ್ತಾರೆ, ಡಾಕ್ಟರ್ ನೋಡಲ್ಲ ಲಾ, ಎಂದಳು ಈ ದೇಶದವರ ಲಾ ಬಾಲಂಗೋಚಿ ಹಚ್ಚಿ, ಆಮೇಲೆ ಬರೋಕೆ ಟ್ರೈ ಮಾಡ್ತೀನಿ, ಪ್ರಾಮಿಸ್ ಇಲ್ಲ. ಕಿಟಕಿಯಾಚೆ ಪೆನಾಂಗಿನ ಬಯಾನ್ ಲೆಪಾಸ್ ಕಾರ್ಖಾನೆಗಳ ಚಾವಣಿ, ಅದರಾಚೆ ಸಮುದ್ರ. ಸಮುದ್ರ ಕಂಡೊಡನೆ ನನ್ನ ಹಳೆಯ ಪುಸ್ತಕದ ಆ ಗ್ರೀಕನ ಸೈನಿಕರು ಕೂಗಿ ಒಬ್ಬರನ್ನೊಬ್ಬರು ತಬ್ಬಿ ಅತ್ತರಂತೆ, ಅವರಿಗೆ ಅದು ಊರಿನ ದಾರಿ. ನಮಗೆ ಈ ಎರಡು ವರ್ಷ ಅದು ಗೋಡೆಗೆ ಬಳಿದ ಬಣ್ಣ, ರಾಜ್ಯದ ಗಡಿ ದಾಟಲು ಪೊಲೀಸರ ಚೀಟಿ ಬೇಕು, ಚೀಟಿ ಸಿಕ್ಕರೂ ಆ ಕೋವಿಡ್ ವಾರ್ಡಿನ ಬಾಗಿಲು ಯಾರಿಗೂ ತೆರೆಯದು.

ಗ್ರೀಕ್ ಅಂಕಲ್ ಎನ್ನುತ್ತಾಳೆ ಗಾನವಿ, ನನ್ನ ಅಣ್ಣನೋ ತಮ್ಮನೋ ಎಂಬಂತೆ, ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ಪತ್ತೇದಾರಿ ಕಾದಂಬರಿಗಳ ರಾಶಿಯಡಿ ಸಿಕ್ಕಿದವನು ಅವನು, ಕ್ರಿಸ್ತನಿಗೂ ಹಿಂದಿನ ಒಬ್ಬ ಗ್ರೀಕ್ ಸೈನಿಕನ, ಮುಖಪುಟ ಹರಿದ ಪುಸ್ತಕ, ಅಂದಿನಿಂದ ಮಸ್ಕತ್ತು, ಜೊಹೊರು, ಈ ಪೆನಾಂಗು, ಎಲ್ಲಿಯೂ ಬೇರು ಬಿಡದ ನನ್ನ ಪೆಟ್ಟಿಗೆಯಲ್ಲಿ ಅವನೊಬ್ಬನೇ ಖಾಯಂ; ಪರದೇಶದ ರಾಜಕುಮಾರನ ಕೂಲಿ ಸೈನ್ಯದ ಜೊತೆ ಹೋದವನು, ರಾಜಕುಮಾರ ಸತ್ತ, ಸೇನಾಪತಿಗಳನ್ನು ಮಾತುಕತೆಗೆಂದು ಕರೆದು ಶತ್ರುಗಳು ಕೊಂದರು, ದಿಕ್ಕಿಲ್ಲದ ಸಾವಿರಾರು ಜನರನ್ನು ಹಿಮದ ಬೆಟ್ಟಗಳ ಮೇಲೆ ನಡೆಸಿ ತಂದ, ಆಮೇಲೆ ಅವನ ಊರೇ ಅವನನ್ನು ಗಡೀಪಾರು ಮಾಡಿತು, ಕುಳಿತು ಎಲ್ಲವನ್ನೂ ಬರೆದ, ನಾನು ಎನ್ನಲಿಲ್ಲ, ಅವನು ಹೀಗೆ ಮಾಡಿದ ಎಂದು ತನ್ನನ್ನೇ ಬೇರೊಬ್ಬನಂತೆ ಬರೆದ — ಅವನೂ ಶಕುನ ನೋಡುತ್ತಿದ್ದ, ಬಂದರೊಂದರಲ್ಲಿ ಬಲಿಯ ಮೇಲೆ ಬಲಿ ಕೊಟ್ಟ, ಬಲಿಪಶುವಿನ ಕರುಳು ಒಳ್ಳೆಯದನ್ನು ಹೇಳಲಿಲ್ಲ, ಸೈನ್ಯ ಹಸಿದು ಬೈಯುತ್ತಿತ್ತು, ಅವನು ಹೆಜ್ಜೆ ಕದಲಿಸಲಿಲ್ಲ; ಬೆಳಿಗ್ಗೆ ಚಂಪಾಳಿಗೆ ಎದುರು ಹೇಳದಿರಲು ನನಗೆ ಈ ನೆವವೇ ಸಾಕಾಯಿತು, ಅಷ್ಟು ದೊಡ್ಡ ಸೈನಿಕನೇ ಕಾದ, ನಾನೆಷ್ಟರವನು. ಹನ್ನೆರಡಕ್ಕೆ ಮೈಸೂರಿನಿಂದ ಚಂಪಾಳ ಅಣ್ಣ ಅನಂತಕೃಷ್ಣನ ಫೋನು, ಅಯ್ಯೋ ಪೆದ್ದಿ, ಅದು ನಮ್ಮ ಗಂಟೆ ಕಣೇ, ನಿಮಗೆ ಶುರುವಾಗೋದೇ ಒಂದಕ್ಕೆ, ಅಲ್ಲ, ಅಲ್ಲಿನ ಸೂರ್ಯೋದಯದಿಂದ ಎಣಿಸಬೇಕು, ಹಾಗೆ ನೋಡಿದ್ರೆ ಈಗಲೇ ನಡೀತಿದೆ, ಏನ್ ಭಾವ, ಇಷ್ಟು ವರ್ಷ ಅಲ್ಲಿದ್ದೀರಿ, ಇದು ಗೊತ್ತಿಲ್ವೆ — ಯಾವುದಕ್ಕೂ ಇರಲಿ ಎಂದು ಚಂಪಾ ಮೂರನ್ನೂ ಕಳೆಯೋಣವೆಂದಳು, ಅಲ್ಲಿನ ಗಂಟೆಯದು, ಇಲ್ಲಿನ ಗಂಟೆಯದು, ಸೂರ್ಯೋದಯದ ಲೆಕ್ಕದ್ದು, ಒಂದೂಕಾಲಿಗೆ ಆಸ್ಪತ್ರೆಯಿಂದ ಫೋನು ಬಡಿದುಕೊಂಡಾಗ ನನ್ನ ಮಣಿಕಟ್ಟು ಹಿಡಿದಳು, ಅವಳ ಕೈ ಹಿಮದಷ್ಟು ತಣ್ಣಗಿತ್ತು, ಬಿಡಿಸಿಕೊಳ್ಳಬಹುದಿತ್ತು, ಬಿಡಿಸಿಕೊಳ್ಳಲಿಲ್ಲ, ಫೋನು ತಾನಾಗಿ ಸುಮ್ಮನಾಯಿತು.

ನಿನ್ನೆ ಗಾನವಿಯದೊಂದು ಮೆಸೇಜು, ಬಾಯಿಗೆ ಮಾಸ್ಕು, ಮಾತಾಡಲಾಗದೆ ಒತ್ತಿದ್ದು, ಅಪ್ಪಾ, ಯುವರ್ ಗ್ರೀಕ್ ಅಂಕಲ್ ಹ್ಯಾಡ್ ಎ ಸನ್, ಡಿಡ್ ಹಿ ಗೆಟ್ ಹೋಮ್, ಯೂ ನೆವರ್ ಟೋಲ್ಡ್ ಲಾ — ನಾಳೆ ಹೇಳುತ್ತೇನೆ ಮರಿ ಎಂದು ಬರೆದೆ, ಏಕೆಂದರೆ ಅವನ ಮಗ ಮನೆ ಸೇರಲಿಲ್ಲ, ಯುದ್ಧದಲ್ಲಿ ಬಿದ್ದ, ಸುದ್ದಿ ಬಂದಾಗ ತಂದೆ ತಲೆಗೆ ಹಾರ ಸುತ್ತಿ ಬಲಿ ಕೊಡುತ್ತಿದ್ದನಂತೆ, ಹಾರ ತೆಗೆದ, ಮಗ ಶೂರನಾಗಿ ಸತ್ತನೆಂದು ತಿಳಿದು ಮತ್ತೆ ಮುಡಿದನಂತೆ, ಹೆತ್ತದ್ದು ಸಾಯುವವನನ್ನೇ ಎಂದು ಗೊತ್ತಿತ್ತು ಎಂದನಂತೆ, ಇಪ್ಪತ್ತು ವರ್ಷ ಈ ಮಾತಿಗೆ ತಲೆದೂಗಿದವನು ನಾನು, ಇಂದು ಆ ಪುಸ್ತಕವನ್ನು ಪೆಟ್ಟಿಗೆಯ ತಳಕ್ಕೆ ತುರುಕಿದೆ. ಮೂರಕ್ಕೆ ನಾನೇ ಫೋನು ಮಾಡಿದೆ. ಸಾರಿ ಸಾರ್, ಎಂದಳು ನರ್ಸು, ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಫೋನ್ ಮಾಡಿದೆ, ಈಗ ಟ್ಯೂಬ್ ಹಾಕಿಯಾಯ್ತು, ಕಿವಿ ಹತ್ತಿರ ಇಡ್ತೀನಿ, ಮಾತಾಡಿ, ಕೇಳಿಸಬಹುದು — ಪರದೆಯಲ್ಲಿ ಚಾವಣಿ, ಕಂಬ, ಆಮೇಲೆ ಕೆನ್ನೆ, ಕೊಳವೆ ಜಾರದಂತೆ ತುಟಿಯ ಮೇಲೆ ಅಡ್ಡಲಾಗಿ ಅಂಟಿಸಿದ ಬಿಳಿ ಟೇಪು, ಹೇಳಿ ರೀ ಎಂದು ಚಂಪಾ, ಏನಾದ್ರೂ ಹೇಳಿ, ಈಗ ಒಳ್ಳೇ ಹೊತ್ತು. ಸೇರಿದ ಮಗಳೇ, ಅವನ ಮಗ ಮನೆ ಸೇರಿದ, ಅವರಪ್ಪ ಬಾಗಿಲಲ್ಲೇ ನಿಂತಿದ್ದ, ಊಟಕ್ಕೆ ಕೂತರು, ಎನ್ನುತ್ತಿದ್ದೇನೆ, ಇನ್ನೂ ಎನ್ನುತ್ತಿದ್ದೇನೆ, ಟೇಪಿನ ಒಂದು ಮೂಲೆ ಸರಿಯಾಗಿ ಅಂಟಿಲ್ಲ, ಯಂತ್ರ ಉಸಿರು ತುಂಬಿದಾಗ ಏಳುತ್ತದೆ, ತೆಗೆದಾಗ ಕೂರುತ್ತದೆ, ಊಟಕ್ಕೆ ಕೂತರು ಮಗಳೇ, ಆಮೇಲೆ, ಆಮೇಲೆ — ಟೇಪಿನ ಮೂಲೆ ಏಳುತ್ತದೆ, ಕೂರುತ್ತದೆ, ಆ ಬಿಳಿ ಮೂಲೆ, ಏಳುತ್ತದೆ, ಆ ಮೂಲೆ