ಹನ್ನೊಂದು ಗುಂಪುಗಳ ಒಡತಿ

ಆಸ್ಪತ್ರೆಯ ಕಂಪ್ಯೂಟರ್ ಜಾಲವನ್ನು ನೋಡಿಕೊಳ್ಳುತ್ತಿದ್ದ ಆ ಹಿರಿಯ ಇಂಜಿನಿಯರಮ್ಮನ ಬಾಯಿಂದ ದಿನಕ್ಕೆ ಇಪ್ಪತ್ತು ಸಲವಾದರೂ ಉದುರುತ್ತಿದ್ದ ಪ್ರಶ್ನೆ ಒಂದೇ: "ಯಾರ್ಯಾರಿಗೆ?" ಹೊಸ ಆದೇಶ ಬಂದಿದೆಯೆಂದರೆ ಯಾರ್ಯಾರಿಗೆ, ಚಹಾ ತರಿಸಿದ್ದೇವೆಂದರೆ ಯಾರ್ಯಾರಿಗೆ, ತಂಗಿ ಫೋನಿನಲ್ಲಿ ಮಗಳ ಮದುವೆ ನಿಶ್ಚಯವಾದ ಸಂಭ್ರಮವನ್ನು ಹೇಳಿಕೊಂಡಾಗಲೂ ಹಾರೈಕೆಗಿಂತ ಮುಂಚೆ ಹೊರಬಿದ್ದದ್ದು ಅದೇ. ತಂಗಿ ಒಂದು ವಾರ ಮಾತು ಬಿಟ್ಟಿದ್ದಳು. ಸಹೋದ್ಯೋಗಿಗಳು ಇಟ್ಟ ಹೆಸರು ಬೇಲಿ ಮೇಡಂ.

ಗಿಡ್ಡ ಆಕೃತಿ, ಅವಸರವರಿಯದ ನಡಿಗೆ. ಯಂತ್ರಗಳ ಕೋಣೆಯ ಶೀತಕ್ಕೆಂದು ಕೊಂಡ, ಮೊಣಕೈ ಸವೆದ ಕಂದು ಕೋಟನ್ನು ಕಡುಬೇಸಗೆಯ ಮಧ್ಯಾಹ್ನದಲ್ಲೂ ಕಳಚದೆ, ಸ್ಟ್ರೆಚರುಗಳಿಗೆ ದಾರಿಯಿರಲೆಂದು ಗೋಡೆಗೆ ಒತ್ತಿಕೊಂಡೇ ಸಾಗುತ್ತಿದ್ದರು. ತಮ್ಮ ಕೆಲಸ ಸ್ವಿಚ್ಚುಗಳದ್ದು ಎಂದು ಅತ್ತೆಗೆ ಒಮ್ಮೆ ಹೇಳಿದ ತಪ್ಪಿಗೆ, ಮನೆಯ ಫ್ಯಾನು ನಿಂತಾಗಲೆಲ್ಲ ಅವರಿಗೇ ಕರೆ. "ಅಷ್ಟು ದೊಡ್ಡ ಆಸ್ಪತ್ರೆ ನೋಡ್ಕೋತೀಯ, ಇದೊಂದು ಆಗಲ್ವೇನಮ್ಮಾ?" ವಿವರಿಸಿ ಸೋತು, ಕಡೆಗೆ ಫ್ಯಾನು ರಿಪೇರಿಯನ್ನೇ ಕಲಿತರು.

ಅವರ ಸ್ವಿಚ್ಚುಗಳೆಂದರೆ ವಾರ್ಡು, ಪ್ರಯೋಗಾಲಯ, ಔಷಧಾಲಯಗಳ ಕಂಪ್ಯೂಟರುಗಳನ್ನು ಪರಸ್ಪರ ಬೆಸೆಯುವ ಮುನ್ನೂರು ಚಪ್ಪಟೆ ಪೆಟ್ಟಿಗೆಗಳು. ಒಂದರ ಕಿವಿಯಲ್ಲಿ ಹೇಳಿದ ಬದಲಾವಣೆಯನ್ನು ಅದು ತಾನಾಗಿಯೇ ಮಿಕ್ಕವಕ್ಕೆಲ್ಲ ಮುಟ್ಟಿಸುತ್ತಿತ್ತು. ಈ ಅನುಕೂಲವನ್ನು ಮೊದಮೊದಲು ಅವರೂ ಮೆಚ್ಚಿದ್ದರು. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ಅವರೇ ಬರೆದ ಒಂದು ತಪ್ಪು ಸಾಲು, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುನ್ನೂರಕ್ಕೂ ಹಬ್ಬಿ, ಪರದೆಗಳೆಲ್ಲ ಸ್ತಬ್ಧವಾದವು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಒಬ್ಬ ಹೆಂಗಸು. ಆಕೆಯ ರಕ್ತದ ವರದಿ ಮೂರು ಮಹಡಿ ಕೆಳಗೆ. ದಾದಿಯೊಬ್ಬರು ಕಾಗದ ಹಿಡಿದು ಮೆಟ್ಟಿಲೇರಿ ಓಡಿದ್ದರಿಂದ ಆಕೆ ಉಳಿದಳು. ಕೈ ತಪ್ಪುವುದು ಎಲ್ಲರಿಗೂ ಇದ್ದದ್ದೇ ಎಂದು ಮೇಲಧಿಕಾರಿ ಸಮಾಧಾನ ಹೇಳಿದರು.

"ತಪ್ಪಾಗಿದ್ದಕ್ಕಲ್ಲ ಸರ್," ಎಂದರು ಇವರು, "ಅದು ಅಷ್ಟು ದೂರ ಹೋಯ್ತಲ್ಲ, ಅದಕ್ಕೆ ನಿದ್ದೆ ಬರ್ತಿಲ್ಲ."

ಆಮೇಲಿನ ಒಂದೂವರೆ ವರ್ಷ ಆ ಮುನ್ನೂರನ್ನೂ ಹನ್ನೊಂದು ಗುಂಪುಗಳಾಗಿ ಬಿಡಿಸಿ, ಒಂದು ಗುಂಪಿಗೆ ಕೊಟ್ಟ ಆಜ್ಞೆ ಆ ಗುಂಪಿನ ಹೊಸ್ತಿಲು ದಾಟದಂತೆ ಕಟ್ಟುಹಾಕಿದರು. ಒಂದು ಕೆಲಸವನ್ನು ಹನ್ನೊಂದು ಸಲ ಮಾಡಬೇಕಾಗಿ ಬಂದ ಸಹೋದ್ಯೋಗಿಗಳು ಗೊಣಗಿದರು; ಬೇಲಿ ಮೇಡಂ ಎಂಬ ಹೆಸರು ಹುಟ್ಟಿದ್ದು ಆಗಲೇ. ಯಾವ ಬದಲಾವಣೆಯೇ ಇರಲಿ, ಮೇಡಂ ಅದನ್ನು ಮೊದಲು ಪ್ರಯೋಗಿಸುತ್ತಿದ್ದದ್ದು ತಮ್ಮದೇ ಕಚೇರಿಯಿದ್ದ ಗುಂಪಿನ ಮೇಲೆ. ಕೆಟ್ಟರೆ ತಮ್ಮದೇ ಕೆಡಲಿ ಎಂಬುದು ಅವರ ಧರ್ಮ.

ಜಾಲದ ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥರಿಗೆ ಇದೆಲ್ಲ ಕಾಲಹರಣವೆನಿಸಿತು. ತಿಂಗಳ ಕೊನೆಗೆ ಗುಂಪುಗಳನ್ನೆಲ್ಲ ಮತ್ತೆ ಒಂದುಮಾಡತಕ್ಕದ್ದೆಂದು ಆಜ್ಞೆಯಾಯಿತು. ಬೇಲಿ ಮೇಡಂ ವಾದಿಸಲಿಲ್ಲ, ಊಟ ಮಾತ್ರ ಸೇರಲಿಲ್ಲ. ಅಷ್ಟರಲ್ಲಿ ಒಂದು ಮಧ್ಯಾಹ್ನ ಆ ಮುಖ್ಯಸ್ಥರೇ, ಕಚೇರಿಯ ಪ್ರಯೋಗಕ್ಕೂ ಕಾಯದೆ, ತುರ್ತಿನ ಬದಲಾವಣೆಯೊಂದನ್ನು ಎಲ್ಲ ಗುಂಪುಗಳಿಗೂ ಸರದಿಯಲ್ಲಿ ಕಳಿಸಹೊರಟು, ಮೊದಲನೆಯದರಲ್ಲೇ ಎಡವಿದರು. ಆ ಗುಂಪಿನಲ್ಲಿದ್ದ ಬಟ್ಟೆ ಒಗೆಯುವ ವಿಭಾಗವೂ ಉಗ್ರಾಣವೂ ಮಾತ್ರ ಮೂಕವಾದವು.

ಬೇಲಿ ಮೇಡಂ ತಪ್ಪನ್ನು ತಿದ್ದಿ, ನೇರ ಒಗೆಯುವ ವಿಭಾಗಕ್ಕಿಳಿದು, ಜಾಲ ಚೇತರಿಸಿಕೊಳ್ಳುವವರೆಗೆ ಯಾವ ಹೊದಿಕೆ ಯಾವ ವಾರ್ಡಿಗೆಂದು ಕೈಯಲ್ಲೇ ಚೀಟಿ ಬರೆಯುತ್ತ ಕೂತರು. ಸ್ವಲ್ಪ ಹೊತ್ತಿಗೆ ಮುಖ್ಯಸ್ಥರು ಬಂದು ಬಾಗಿಲಲ್ಲಿ ನಿಂತರು. ಮೇಲಿನ ವಾರ್ಡುಗಳ ಗತಿಯೇನೆಂದು ಮೆಲ್ಲಗೆ ಕೇಳಿದರು.

"ಅವ್ರಿಗೆ ಗೊತ್ತೇ ಆಗಿಲ್ಲ ಸರ್. ಕೂತ್ಕೊಳ್ಳಿ, ಈ ಚೀಟಿಗಳಿಗೆ ಒಂದು ಕೈ ಹಚ್ಚಿ."

ಅವರು ಕೂತರು. ಗುಂಪುಗಳನ್ನು ಒಂದುಮಾಡುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಇಂಥವರಿಗೆ ಸನ್ಮಾನ ದೊರೆಯುವುದು ವಿರಳ. ಆಗದೆ ಹೋದ ಅನಾಹುತಕ್ಕೆ ಸಾಕ್ಷಿಗಳಿರುವುದಿಲ್ಲ. ತಮ್ಮ ಕೈಯೂ ತಪ್ಪೀತೆಂಬ ವಿನಯವನ್ನೇ ವಿದ್ಯೆಯಾಗಿಸಿಕೊಂಡು ಬಾಳುವ ಈ ಮಂದಿಯ ನೆರಳಿನಲ್ಲಿ ನಾವು ಗುಣವಾಗಿ, ಚೀಲ ಕಟ್ಟಿಕೊಂಡು, ಅವರ ಹೆಸರನ್ನೂ ಕೇಳದೆ ಮನೆಗೆ ಹೋಗುತ್ತೇವೆ.