ಕಿಟಕಿಗೆ ಬೇಕಿದ್ದ ಹಳದಿ

ಹಳದಿ — ಎಲ್ಲಿಂದ ಬಂತಪ್ಪ ಈ ಹಳದಿ, ಡ್ರೈಯರಿನ ಜಾಲರಿಗೆ ಕಟ್ಟಿದ ನೂಲಿನ ಧೂಳನ್ನು ಸುಲಿದು ತೆಗೆಯುತ್ತಿದ್ದ ಅವಳ ಬೆರಳು ಅಲ್ಲೇ ನಿಂತಿತು, ದಿನಾ ಸಿಗುವ ಬೂದುಬಣ್ಣದ ಪದರದ ನಡುವೆ ಅಂಗೈಯಷ್ಟಗಲ ಹಳದಿ, ಬೆಚ್ಚಗೆ, ಯಾರೋ ಈಗಷ್ಟೇ ಎದ್ದು ಹೋದ ಹಾಸಿಗೆಯ ಹಾಗೆ, ಆಸ್ಪತ್ರೆಯಲ್ಲಿ ಹಳದಿ ಬಟ್ಟೆಯೇ ಇಲ್ಲವಲ್ಲ, ಹಾಸು ಬಿಳಿ, ಆಪರೇಷನ್ ಕೋಣೆಯದು ಹಸಿರು, ರೋಗಿಗಳ ನಿಲುವಂಗಿ ನೀಲಿ, ಹನ್ನೊಂದು ವರ್ಷದಿಂದ ಈ ನೆಲಮಾಳಿಗೆಯಲ್ಲಿ ಒಗೆದು ಒಣಗಿಸುವ ಅವಳಿಗೆ ಗೊತ್ತಿಲ್ಲದ ಬಣ್ಣ ಯಾವುದು, ಬೇರೆಯವರು ಕಸದ ಡಬ್ಬಕ್ಕೆ ತುಂಬುವ ಈ ಧೂಳನ್ನು ಅವಳು ರಟ್ಟಿಗೆ ಅಂಟಿಸಿ ಚಿತ್ರ ಮಾಡುತ್ತಾಳೆ, ಬೂದುಬಣ್ಣದ್ದರಿಂದ ಆಕಾಶ, ಹಸಿರಿನಿಂದ ಮರ, ನೀಲಿಯಿಂದ ಬಾಗಿಲು, ನಿನ್ನ ತಲೇಲೂ ಅದೇ ತುಂಬಿರೋದು ಅಂತ ನಗುತ್ತಾನೆ ಮೇಲ್ವಿಚಾರಕ, ಗಂಟೆಗೊಮ್ಮೆ ಇಣುಕುವ ಅವನಿಗೆ ಅವಳಿಟ್ಟ ಹೆಸರು ಗಡಿಯಾರ, ನಗಲಿ, ಅವನಿಗೇನು ಗೊತ್ತು, ಈ ಧೂಳಿನಲ್ಲಿ ನೂಲಷ್ಟೇ ಇರುವುದಿಲ್ಲ, ಮಲಗಿದ್ದವರೂ ಚೂರುಚೂರು ಉದುರಿರುತ್ತಾರೆ, ಕೂದಲು, ಚರ್ಮದ ಪುಡಿ, ಅದಕ್ಕೇ ಅವಳ ಮರಗಳು ಉಸಿರು ತಾಗಿದರೆ ಸಾಕು ಅಲುಗುತ್ತವೆ, ಒಮ್ಮೊಮ್ಮೆ ಅವಳು ಉಸಿರು ಬಿಗಿಹಿಡಿದಾಗಲೂ ಅಲುಗಿದ್ದುಂಟು, ಅದನ್ನು ಯಾರಿಗೂ ಹೇಳಿಲ್ಲ.

ಮನೆಯ ಚಿತ್ರದಲ್ಲಿ ಕಿಟಕಿಯೊಂದೇ ಬಾಕಿ, ಅಕ್ಕ ತಂಗಿ ಬೆಳೆದ ಮನೆ, ಅಮ್ಮ ಹೋದ ಮೇಲೆ ಅಕ್ಕನೇ ಅಮ್ಮ, ಇರುವವರೇ ಇಬ್ಬರು, ಇವಳು ತಡವಾಗಿ ಬಂದ ಸಂಜೆಗಳಲ್ಲೆಲ್ಲ ಅಕ್ಕ ಆ ಕಿಟಕಿಯಲ್ಲಿ ದೀಪ ಹಚ್ಚಿಟ್ಟು ನಿಂತಿರುತ್ತಿದ್ದಳು, ಬೀದಿಯ ತಿರುವಿನಿಂದಲೇ ಕಾಣುತ್ತಿತ್ತು ಹಳದಿ, ಒಳಗೆ ಕಾಲಿಟ್ಟರೆ ಬೈಗುಳ, ಈಗ ಆ ಅಕ್ಕ ಇದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹೆಗಲ ಮೇಲೆ ಹಳದಿ ಉಣ್ಣೆಯ ಶಾಲು — ಅಕ್ಕ, ಆ ಶಾಲು ಒಂದ್ಸಲ ಕೊಡೇ, ಒಗೆದು ಒಣಗಿಸಿ ಕೊಡ್ತೀನಿ, ಯಾಕೆಂದು ಹೇಳಲಿಲ್ಲ, ಚಿತ್ರ ಮುಗಿಸಿ ಅವಳ ಮಂಚದ ಎದುರು ನಿಲ್ಲಿಸಬೇಕೆಂಬ ಆಸೆ, ಅಕ್ಕನಿಗೋ ಮೂಗಿನ ತುದಿಯಲ್ಲೇ ಕೋಪ, ಈಗಿಂದ್ಲೇ ನನ್ನ ಸಾಮಾನಿನ ಮೇಲೆ ಕಣ್ಣು ಬಿತ್ತೇನೇ ನಿಂಗೆ, ನಾನು ಹೋದ್ಮೇಲೆ ತಾನಾಗೇ ಬರುತ್ತೆ, ಅಲ್ಲೀವರೆಗೂ ಈ ಕಡೆ ತಲೆ ಹಾಕ್ಬೇಡ, ಇವಳೂ ಆ ಅಕ್ಕನ ತಂಗಿಯೇ ತಾನೆ, ನಾಲ್ಕು ದಿನವಾಯಿತು ಮೆಟ್ಟಿಲು ಹತ್ತಿಲ್ಲ, ನಾಳೆ ಹೋದರಾಯಿತು, ಅವಳೇ ಹೇಳಿ ಕಳಿಸಲಿ.

ತಾನಾಗೇ ಬರುತ್ತೆ — ಅಲ್ಲ, ಅಲ್ಲ, ಯಾವುದೋ ಮಗುವಿನ ಟೋಪಿಯಿರಬೇಕು, ಆದರೆ ವಾರ್ಡಿನಿಂದ ಯಾರ ಸ್ವಂತ ಬಟ್ಟೆಯೂ ಕೆಳಗೆ ಬರುವುದಿಲ್ಲ, ಮನೆಯವರೇ ಒಯ್ದು ಒಗೆಯುತ್ತಾರೆ, ಹಾಸಿಗೆ ಖಾಲಿಯಾದಾಗ ಪಕ್ಕದಲ್ಲಿ ರೋಗಿಯ ಕಡೆಯವರು ಯಾರೂ ಇಲ್ಲದಿದ್ದರೆ ಮಾತ್ರ ಆಯಾ ಉಳಿದದ್ದನ್ನೆಲ್ಲ ಹಾಸಿನಲ್ಲೇ ಸುತ್ತಿ ಕೆಳಗೆ ಕಳಿಸುತ್ತಾಳೆ, ಗುಣವಾಗಿ ಮನೆಗೆ ಹೊರಟವರು ಶಾಲು ಬಿಟ್ಟು ಹೋಗುವುದಿಲ್ಲ, ಬೆಳಿಗ್ಗೆ ಮೂರನೇ ಮಹಡಿಯ ಗಂಟನ್ನು ಬಿಚ್ಚಿದ್ದು ಇವಳೇ ಅಲ್ಲವೇ, ಕಣ್ಣು ಚಿತ್ರದ ಮೇಲೆ, ಕೈ ತನ್ನ ಪಾಡಿಗೆ ಯಂತ್ರದೊಳಗೆ ತುರುಕುತ್ತಿತ್ತು, ಏನೋ ಮೆತ್ತಗೆ ತಾಗಿತ್ತು, ನೋಡಲಿಲ್ಲ, ಗೋಡೆಯ ಫೋನು ಆಗಿನಿಂದ ಹೊಡೆದುಕೊಳ್ಳುತ್ತಲೇ ಇತ್ತು, ಗಡಿಯಾರನದೇ ಕಾಟ ಎಂದು ಎತ್ತಿರಲಿಲ್ಲ, ಈಗಲೂ ಹೊಡೆದುಕೊಳ್ಳುತ್ತಿದೆ, ಎತ್ತಬೇಕು, ಯಂತ್ರದ ಬಾಗಿಲು ತೆಗೆದು ನೋಡಬೇಕು, ದೇವರೇ ಇಷ್ಟೇ ಇಷ್ಟು ಹಳದಿ ಕೊಡು ಎಂದು ಬೇಡಿಕೊಂಡವಳು ಇವಳೇ, ಕೈಯಲ್ಲಿದ್ದ ತುಂಡು — ಕೈಯಲ್ಲಿಲ್ಲ, ಎಲ್ಲಿ, ಯಾವಾಗ ಅಂಟಿಸಿದಳು, ಬೆರಳ ತುದಿಯಲ್ಲಿ ಅಂಟು ಇನ್ನೂ ಹಸಿ, ರಟ್ಟಿನ ಮೇಲೆ ಕಿಟಕಿ ಹತ್ತಿಕೊಂಡಿದೆ, ಅಳತೆ ಹಿಡಿದು ಕತ್ತರಿಸಿದ ಹಾಗೆ ಕೂತಿದೆ, ಅದರೊಳಗೆ ನೆಟ್ಟಗೆ ಒಂದು ನರೆಗೂದಲು, ಇವಳು ಉಸಿರು ಬಿಗಿಹಿಡಿದಳು, ಕೂದಲು ಅಲುಗಿತು, ಅಕ್ಕ, ಬಂದೆ ಕಣೇ, ಬಂದೆ, ಬೀದಿಯ ತಿರುವಿನಿಂದಲೇ ಕಾಣುವ ಹಾಗೆ ಕಿಟಕಿಯಲ್ಲಿ ಹಳದಿ, ನಿಂತಿದೆ, ಹಳದಿ —