ಅತ್ತೆ ಹಿಡಿದರೇ ಚಿತ್ರ

ಬಟ್ಟಲಿನ ತಳಕ್ಕೆ ಅಂಟಿದ ಗಸಿಯ ಹಾಗೆ ಆ ಊರು ನಾಲ್ಕು ಬೆಟ್ಟಗಳ ನಡುವೆ ಕೂತಿತ್ತು. ಅಲ್ಲಿಗೆ ಸೂರ್ಯ ಇಣುಕುವಷ್ಟರಲ್ಲಿ ಬೇರೆ ಊರಿನವರು ಅರ್ಧ ಕೆಲಸ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಬೆಳಿಗ್ಗೆ ಯಾರನ್ನಾದರೂ ಕೂಗಿ ಕರೆದರೆ ಆ ಕೂಗು ನಾಲ್ಕೂ ಬೆಟ್ಟ ಸುತ್ತಿಕೊಂಡು ಊಟದ ಹೊತ್ತಿಗೆ ವಾಪಸ್ ಬರುತ್ತಿತ್ತು. ಅಷ್ಟರಲ್ಲಿ ಕೂಗಿದ್ದನ್ನೇ ಮರೆತವನು ಕೈತೊಳೆದು, "ಯಾರಪ್ಪಾ ಅದು?" ಎಂದು ಬಾಗಿಲಿಗೆ ಹೋಗುತ್ತಿದ್ದ.

ಇಂಥ ಊರಿಗೆ ಟಿವಿ ಬರುವುದೆಲ್ಲಿಂದ? ಬೆಟ್ಟದಾಚೆ ಟವರ್ ಇತ್ತು, ನಿಜ. ದಿನವಿಡೀ ಪುಕ್ಕಟೆ ಚಿತ್ರವನ್ನು ಆಕಾಶಕ್ಕೆ ಎರಚುತ್ತಲೂ ಇತ್ತು. ಆದರೆ ಅದೆಲ್ಲ ಕೊಕ್ಕರೆ ಸಾಲಿನ ಹಾಗೆ ಊರಿನ ನೆತ್ತಿ ಮೇಲೆ ಹಾದು ಹೋಗುತ್ತಿತ್ತೇ ವಿನಾ ಕೆಳಗೆ ಬಗ್ಗಿ ನೋಡುತ್ತಿರಲಿಲ್ಲ. ಡಿಶ್ ಹಾಕುವವನೊಬ್ಬ ಬಂದಿದ್ದ. ತಿಂಗಳು ತಿಂಗಳೂ ದುಡ್ಡು ಕಟ್ಟಬೇಕು ಎಂದ. ಊರಿನವರು ಅವನಿಗೆ ಕುಡಿಯಲು ನೀರು ಕೊಟ್ಟು, ಹೊರಗೆ ಹೋಗುವ ದಾರಿಯನ್ನೂ ತೋರಿಸಿದರು.

ಊರಲ್ಲಿ ಟಿವಿ ಅಂತ ಇದ್ದದ್ದು ಒಂದೇ, ಕಟಿಂಗ್ ಶಾಪಿನಲ್ಲಿ. ಗುಜರಿಯವನು ತನ್ನ ಮತ್ತು ತನ್ನ ಗಂಡುಮಕ್ಕಳ ಕ್ಷೌರಕ್ಕೆ ಬದಲಾಗಿ ಕೊಟ್ಟುಹೋದ ಹಳೇ ಡಬ್ಬ. ಅದನ್ನು ಹಾಕಿದರೆ ಸಾಸಿವೆ ಎರಚಿದ ಹಾಗೆ ಚುಕ್ಕಿ ಕಾಣುತ್ತಿತ್ತು, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದೂ ಬರುತ್ತಿತ್ತು. ಮಹಾ ಮುನಿಸಿನ ಟಿವಿ ಅದು. ಒಂದು ಸಲ ಗೋಡೆಯಿಂದ ಗೋಡೆಗೆ ಸರಿಸಿದ್ದಕ್ಕೆ ವಾರಗಟ್ಟಲೆ ದೀಪವನ್ನೇ ಹತ್ತಿಸಿಕೊಂಡಿರಲಿಲ್ಲ. ಆಮೇಲೆ ಯಾರೂ ಅದನ್ನು ಮುಟ್ಟುವ ಸಾಹಸ ಮಾಡಲಿಲ್ಲ. ಗಿರಾಕಿಯ ಕುರ್ಚಿಯ ಹಿಂದೆ, ದೊಡ್ಡ ಕನ್ನಡಿಗೆ ಎದುರಾಗಿ, ತಲೆ ಮೇಲೆ ಎಣ್ಣೆ ಬಾಟಲಿ ಹೊತ್ತುಕೊಂಡು ಸುಮ್ಮನೆ ಕೂತಿತ್ತು.

ಶಾಪಿನವನನ್ನು ಮನೆಯಲ್ಲಿ ಚಿಕ್ಕಳಿಯ ಎನ್ನುತ್ತಿದ್ದರು. ಯಾಕೆಂದರೆ ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ತೆಯ ಮಾತು, ಮತ್ತು ಅತ್ತೆಗೆ ಪಟ್ಟಣದಲ್ಲಿ ಒಬ್ಬ ದೊಡ್ಡಳಿಯ ಇದ್ದ. ಅತ್ತೆಯ ನಾಲಿಗೆ ಎಂಥದು ಎಂದರೆ, ಆಕೆ ಬೈದರೆ ಹಾಲು ಹೆಪ್ಪಿಲ್ಲದೆ ಮೊಸರಾಗುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಚಿಕ್ಕಳಿಯನಿಗೆ ಆ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ.

ಹೀಗಿರುವಾಗ ಟಿವಿಯವರ ವ್ಯಾನೊಂದು ದಾರಿ ತಪ್ಪಿ ಬಂದು ಹಳ್ಳದ ಕೆಸರಲ್ಲಿ ಹೂತುಕೊಂಡಿತು. ಎತ್ತು ಕಟ್ಟಿ ಎಳೆದರು, ಬರಲಿಲ್ಲ. ಬಟ್ಟೆ ಒಗೆಯಲು ಹೋಗಿದ್ದ ಅತ್ತೆ ಸೊಂಟಕ್ಕೆ ಕೈ ಇಟ್ಟು ಡ್ರೈವರನ್ನು ಬೈಯಲು ಶುರು ಮಾಡಿದಳು. ಡ್ರೈವರು ಬೆವತ, ಎತ್ತುಗಳು ಕಿವಿ ಮುಚ್ಚಿದವು, ವ್ಯಾನು ನಾಚಿಕೆಯಿಂದ ತಾನಾಗಿಯೇ ಮೇಲಕ್ಕೆ ಹಾರಿತು. ಟಿವಿಯವರು ಅಷ್ಟನ್ನೂ ಕ್ಯಾಮೆರಾದಲ್ಲಿ ಹಿಡಿದರು. "ಅಜ್ಜೀ, ಶನಿವಾರ ಸಂಜೆ ಟಿವೀಲಿ ನಿಮ್ಮನ್ನ ತೋರಿಸ್ತೀವಿ" ಎಂದು ಹೇಳಿ, ಆಕೆ ಮತ್ತೆ ಬಾಯಿ ತೆರೆಯುವ ಮೊದಲೇ ಹೊರಟುಹೋದರು.

ಅಂದಿನಿಂದ ಅತ್ತೆಯ ಕಾಲು ನೆಲದ ಮೇಲಿರಲಿಲ್ಲ.

"ಏನ್ರೀ ಅಳಿಯಂದಿರೇ, ಶನಿವಾರದೊಳಗೆ ಈ ಡಬ್ಬಕ್ಕೆ ಜೀವ ಬರುತ್ತೋ ಇಲ್ವೋ?"

"ಬರುತ್ತೆ ಅತ್ತೆ."

"ಬರದಿದ್ರೆ ಹೇಳ್ಬಿಡಿ. ಶನಿವಾರ ಬೆಳಗ್ಗೆ ಬಸ್ ಹತ್ತಿ ದೊಡ್ಡಳಿಯಂದಿರ ಮನೆಗೆ ಹೋಗ್ತೀನಿ. ಅವರ ಮನೆ ಮೇಲೆ ಆನೆ ಕಿವಿಯಷ್ಟು ಅಗಲ ಡಿಶ್ ಇದೆ. ಗಂಡಸು ಅಂದ್ರೆ ಗಂಡಸಪ್ಪಾ ಅವರು!"

ಆನೆಯ ಕಿವಿ ಚಿಕ್ಕಳಿಯನ ಎದೆಗೆ ಬಡಿಯಿತು. ಅತ್ತೆ ತನ್ನ ಮುಖವನ್ನು ಟಿವಿಯಲ್ಲಿ ನೋಡುವುದಾದರೆ ತನ್ನ ಮನೆಯಲ್ಲೇ ನೋಡಬೇಕು, ಮೀಸೆ ಹೋದರೂ ಸರಿ ಎಂದುಕೊಂಡ. ಮುರಿದ ಸೈಕಲ್ಲಿನ ರಿಮ್ಮು, ಸತ್ತ ಕೊಡೆಯ ಕಡ್ಡಿಗಳು, ಹೆಂಡತಿ ಹುಡುಕುತ್ತಲೇ ಇದ್ದ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ, ಎಲ್ಲವನ್ನೂ ತಂತಿಯಲ್ಲಿ ಬಿಗಿದು ಒಂದು ಕಬ್ಬಿಣದ ಕೊಳವೆಯ ತುದಿಗೆ ಕಟ್ಟಿ ಟಿವಿಗೆ ಆಂಟೆನಾ ಮಾಡಿದ. ಊರೆಲ್ಲ ಆ ಕೊಳವೆ ಹೊತ್ತು ತಿರುಗಿದ ಮೇಲೆ ಚೂರುಪಾರು ಗುಣ ತೋರಿಸಿದ ಜಾಗ ಸಿಕ್ಕಿದ್ದು ತನ್ನದೇ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಅಲ್ಲಿ ನೆಟ್ಟ. ಒಂದು ಗೇಣು ಈಚೆಗೂ ಇಲ್ಲ, ಆಚೆಗೂ ಇಲ್ಲ.

ಅಲ್ಲೂ ಬರೀ ನೆರಳು ಆಡುತ್ತಿತ್ತು. ಕಂಬವನ್ನು ಕೈಯಲ್ಲಿ ಹಿಡಿದರೆ ಸ್ವಲ್ಪ ವಾಸಿ ಎಂದು ಗೊತ್ತಾಯಿತು. ಚಿಕ್ಕಳಿಯ ಹಿಡಿದ. ಧ್ವನಿ ಬಂತು, ಚಿತ್ರವಿಲ್ಲ. ಹೆಂಡತಿ ಹಿಡಿದಳು. ವಾರ್ತೆ ಓದುವವನ ಮೀಸೆ ಮಾತ್ರ ಬಂತು, ಮುಖವಿಲ್ಲ. ಎದುರು ಮನೆಯ ಅಂಗಡಿಯಣ್ಣ ಹಿಡಿದಾಗ ಇಡೀ ಚಿತ್ರ ಬಂತು, ಆದರೆ ತಲೆಕೆಳಗಾಗಿ.

"ನಿಮ್ಮ ತಕ್ಕಡಿ ಥರಾನೇ ಇದೆ ಅಣ್ಣಾ" ಎಂದಳು ಹೆಂಡತಿ.

ಅಷ್ಟರಲ್ಲಿ ಅತ್ತೆ ಮುಚ್ಚಳ ಹುಡುಕಿಕೊಂಡು ಹಿತ್ತಲಿಗೆ ಬಂದವಳು, ಅದು ಕಂಬದ ತುದಿಯಲ್ಲಿ ನೇತಾಡುವುದನ್ನು ಕಂಡಳು. "ಅಯ್ಯೋ ಮನೆಹಾಳಾಗ!" ಎಂದು ಕಂಬ ಹಿಡಿದು ಅಲ್ಲಾಡಿಸಿದಳು, ನೋಡಿ!

"ಬಂತೂ!" ಎಂದು ಶಾಪಿನಿಂದ ಕಿರುಚಿದರು.

ಬಂದದ್ದೂ ಎಂಥ ಚಿತ್ರ! ವಾರ್ತೆ ಓದುವವನ ತಲೆಯ ಹೊಟ್ಟು ಕೂಡ ಎಣಿಸಬಹುದಿತ್ತು. ಚಿಕ್ಕಳಿಯನಂತೂ, "ಆ ಕಿವಿ ಪಕ್ಕ ಕತ್ತರಿಸಿದವನು ಯಾರೋ ಕೆಲಸಗೇಡಿ" ಎಂದೂ ಹೇಳಿಬಿಟ್ಟ. ಅತ್ತೆ ಚಿತ್ರ ನೋಡಲು ಒಳಗೆ ಓಡಿ ಬಂದಳು. ಬಂದದ್ದೇ ತಡ, ಸಾಸಿವೆ. ಹಿತ್ತಲಿಗೆ ಹೋದಳು, ಚಿತ್ರ. ಒಳಗೆ ಬಂದಳು, ಸಾಸಿವೆ. ನಾಲ್ಕು ಸಲ ಓಡಾಡಿ ಏದುಸಿರು ಬಿಡುತ್ತಾ ಕಲ್ಲಿನ ಮೇಲೆ ಕೂತಳು.

"ಹಾಗಾದ್ರೆ ನಾನು ಇಲ್ಲಿ ಕಂಬ ಹಿಡ್ಕೊಂಡು ನಿಲ್ಲೋದು, ಊರೋರೆಲ್ಲ ಒಳಗೆ ಕಾಲು ಚಾಚ್ಕೊಂಡು ನನ್ನ ನೋಡೋದು?"

"ನಾವು ಕೂಗಿ ಹೇಳ್ತೀವಿ ದೊಡ್ಡಮ್ಮಾ" ಎಂದ ಅಂಗಡಿಯಣ್ಣ. "ಈಗ ನೀವು ಬಂದ್ರಿ, ಈಗ ಕೈ ಎತ್ತಿದ್ರಿ, ಅಂತ."

"ಬೇರೆಯವರು ಉಂಡು ತೇಗಿದ್ರೆ ನನ್ನ ಹೊಟ್ಟೆ ತುಂಬುತ್ತೇನೋ? ಮಗಳೇ, ನನ್ನ ಚೀಲ ತೆಗಿ. ನಾಳೆ ಬೆಳಗಿನ ಬಸ್ಸಿಗೆ ಹೊರಟೆ."

ಅದು ಶುಕ್ರವಾರ. ಊರೆಲ್ಲ ಚಿಕ್ಕಳಿಯನ ಮೇಲೆ ಬಿತ್ತು. ಅತ್ತೆ ಹೋದರೆ ಟಿವಿಯೂ ಹೋಯಿತು. ಕೈಗೆ ಬಂದ ತುತ್ತು ಬಾಯಿಗಿಲ್ಲ. ಅವನು ಕತ್ತರಿ ಹಿಡಿದು, ಕುರ್ಚಿಯಲ್ಲಿ ಕಾದಿದ್ದ ಅಂಗಡಿಯಣ್ಣನ ಹಿಂದೆ ನಿಂತ. ಅಣ್ಣನಿಗೆ ನೆತ್ತಿಯಲ್ಲಿ ಏನೂ ಉಳಿದಿರಲಿಲ್ಲ. ಕುತ್ತಿಗೆಯ ಮೇಲೆ ನಾಲ್ಕು ಕೂದಲಿದ್ದವು, ಅವುಗಳಿಗೇ ಪ್ರತಿ ವಾರ ಉಪಚಾರ.

ಕತ್ತರಿಸಿ ಮುಗಿಸಿ, ಅಭ್ಯಾಸದಂತೆ ಕೈಗನ್ನಡಿಯನ್ನು ಅಣ್ಣನ ತಲೆಯ ಹಿಂದೆ ಹಿಡಿದ. ಅಣ್ಣ ಎದುರಿನ ದೊಡ್ಡ ಕನ್ನಡಿಯಲ್ಲಿ ತನ್ನ ಕುತ್ತಿಗೆಯನ್ನು ನೋಡಿಕೊಂಡು ತಲೆಯಾಡಿಸಿದ.

ಚಿಕ್ಕಳಿಯನ ಕೈ ಅಲ್ಲೇ ನಿಂತಿತು. ಈ ಮನುಷ್ಯ ತಿರುಗಲಿಲ್ಲ, ಏಳಲಿಲ್ಲ, ಕೂತಲ್ಲೇ ತನ್ನ ಬೆನ್ನನ್ನು ಕಂಡ!

"ಅಣ್ಣಾ, ಏಳಿ."

"ಪೌಡರ್ ಹಾಕಿಲ್ವಲ್ಲೋ?"

"ಪೌಡರ್ ಸೋಮವಾರ ಹಾಕ್ತೀನಿ, ಏಳಿ! ಈ ಕನ್ನಡಿಗೊಂದು ಕೈ ಕೊಡಿ!"

ಅಪ್ಪನ ಕಾಲದಿಂದ ಗೋಡೆ ಬಿಟ್ಟು ಅಲ್ಲಾಡದ ದೊಡ್ಡ ಕನ್ನಡಿಯನ್ನು ಇಳಿಸಿದರು. ಶಾಪಿನ ಹಿಂದೆ ಅಡುಗೆಮನೆ, ಅದರ ಹಿಂದೆ ಹಿತ್ತಲು. ಆದರೆ ಬಾಗಿಲುಗಳು ಎದುರುಬದುರಿಲ್ಲ, ಜಗಳವಾಡಿದ ಓರಗಿತ್ತಿಯರ ಹಾಗೆ ಒಂದು ಆ ಕಡೆ, ಒಂದು ಈ ಕಡೆ. ದೊಡ್ಡ ಕನ್ನಡಿಯನ್ನು ಅಡುಗೆಮನೆಯ ಮೂಲೆಯಲ್ಲಿ ಹಿಟ್ಟಿನ ಡಬ್ಬಕ್ಕೆ ಒರಗಿಸಿದರು. ಹೆಂಡತಿಯ ಬೀರುವಿನ ಕನ್ನಡಿ ಬಿಚ್ಚಿ ಹಿತ್ತಲ ಬಾಗಿಲಿಗೆ ಕಟ್ಟಿದರು. ಟಿವಿಯಿಂದ ಚಿತ್ರ ಹೊರಟು, ಅಡುಗೆಮನೆಗೆ ಬಂದು, ತಿರುಗಿ, ಬಾಗಿಲಿಗೆ ಹೋಗಿ, ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತ ಅತ್ತೆಯ ಕಣ್ಣಿಗೆ ಬಿತ್ತು.

ಅತ್ತೆ ಕಂಬ ಹಿಡಿದು ಒಂದು ಪೂರ್ತಿ ಕುಸ್ತಿ ಪಂದ್ಯ ನೋಡಿದಳು. ಗೆದ್ದವನನ್ನೂ ಬೈದಳು, ಸೋತವನನ್ನೂ ಬೈದಳು.

"ಚೀಲ ಒಳಗಿಡ್ಲಾ ಅಮ್ಮಾ?" ಎಂದಳು ಮಗಳು.

"ಬಾಗಿಲ ಹತ್ರಾನೇ ಇರ್ಲಿ. ಆದ್ರೆ ನಾಳೆ ಬಸ್ಸಿಗೆ ಕೈ ಒಡ್ಡಬೇಡಿ."

ಶನಿವಾರ ಸಂಜೆ ಶಾಪಿನಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಕಟಿಂಗ್ ಕುರ್ಚಿಯಲ್ಲಿ ಮೂರು ಮಂದಿ, ಕಿಟಕಿಯಲ್ಲಿ ತಲೆಗಳ ಗೊಂಚಲು. ಅತ್ತೆ ಒಗೆದ ಸೀರೆಯುಟ್ಟು, ಮುಖಕ್ಕೆ ಶಾಪಿನ ಪೌಡರ್ ಬಳಿದುಕೊಂಡು, ಸೈನಿಕನ ಹಾಗೆ ಕಂಬ ಹಿಡಿದು ನಿಂತಳು. ಚಿಕ್ಕಳಿಯ ಬಾಗಿಲ ಕನ್ನಡಿಯನ್ನು ಬಟ್ಟೆಯಿಂದ ಒರೆಸುತ್ತಾ ಪಕ್ಕದಲ್ಲಿದ್ದ.

ಹಳ್ಳ ಬಂತು, ಹೂತ ವ್ಯಾನು ಬಂತು. ಒಳಗೆಲ್ಲ, "ಬಂದ್ರೂ! ದೊಡ್ಡಮ್ಮ ಬಂದ್ರೂ!" ಎಂದು ಸಿಳ್ಳೆ ಬಿತ್ತು.

ಅತ್ತೆ ಕಣ್ಣು ಕಿರಿದು ಮಾಡಿ ಕನ್ನಡಿ ನೋಡಿದಳು. "ಇವಳ್ಯಾರು?"

"ನೀವೇ ಅತ್ತೆ!"

"ನಾನಲ್ಲ! ಯಾವಳೋ ನನ್ನ ವೇಷ ಹಾಕ್ಕೊಂಡು ಬಂದಿದ್ದಾಳೆ. ಮಚ್ಚೆ ನೋಡಿ, ಬಲಗೆನ್ನೆ ಮೇಲಿದೆ. ನಂದು ಎಡಗಡೆ! ಹುಟ್ಟಿದಾಗಿಂದ ಕನ್ನಡೀಲಿ ನೋಡ್ಕೊಂಡಿದೀನಿ, ನನಗೆ ಗೊತ್ತಿಲ್ವಾ?" ಎಂದು ಸಿಟ್ಟಿನಿಂದ ಕಂಬವನ್ನೇ ಬಿಟ್ಟಳು.

"ಹೋಯ್ತೂ!" ಎಂದು ಊರಿಗೆ ಊರೇ ಬೊಬ್ಬೆ ಹಾಕಿತು.

ಆದರೆ ಚಿಕ್ಕಳಿಯ ಎಷ್ಟಾದರೂ ಕನ್ನಡಿಯಿಂದ ಹೊಟ್ಟೆ ಹೊರೆದವನು. ಒಂದು ಕನ್ನಡಿ ಎಡವನ್ನು ಬಲ ಮಾಡಿದರೆ, ಎರಡನೆಯದು ಅದನ್ನು ಮತ್ತೆ ಸರಿ ಮಾಡಿಬಿಡುತ್ತದೆ. ಅತ್ತೆ ಈಗ ನೋಡಿದ್ದು ಊರಿನವರಿಗೆ ಕಾಣುವ ಅತ್ತೆಯನ್ನು. ಆಕೆಗೆ ಬೇಕಾದದ್ದು ಕನ್ನಡಿಯ ಅತ್ತೆ. ಜೇಬಿನಲ್ಲಿದ್ದ ಕೈಗನ್ನಡಿಯನ್ನು ಎಳೆದು ಆಕೆಯ ಕೈಗೆ ತುರುಕಿದ.

"ಅತ್ತೆ, ಕಂಬ ಹಿಡೀರಿ. ಬಾಗಿಲಿಗೆ ಬೆನ್ನು ಹಾಕಿ. ಇದರಲ್ಲಿ ನೋಡಿ, ಬೇಗ!"

ಅತ್ತೆ ಗೊಣಗುತ್ತಲೇ ತಿರುಗಿದಳು. ಕೈಗನ್ನಡಿಯಲ್ಲಿ ಬಾಗಿಲ ಕನ್ನಡಿ, ಅದರೊಳಗೆ ಅಡುಗೆಮನೆಯ ಕನ್ನಡಿ, ಅದರೊಳಗೆ ಟಿವಿ, ಅದರೊಳಗೆ ಎಡಗೆನ್ನೆಯಲ್ಲಿ ಮಚ್ಚೆ ಇಟ್ಟುಕೊಂಡು ಕೈ ಬೀಸುತ್ತಿರುವ ತಾನು! ಆಕೆಯ ಮುಖ ಮಗುವಿನ ಮುಖದ ಹಾಗೆ ಅರಳಿತು.

"ಅಯ್ಯೋ, ನಾನೇ ಕಣ್ರೀ! ನೋಡಿ, ಎಷ್ಟು ಚೆನ್ನಾಗಿ ಬೈತಿದೀನಿ!"

ಟಿವಿಯಲ್ಲಿ ಬೈದದ್ದಕ್ಕೆ ಹಿತ್ತಲಿನಿಂದಲೂ ಒಗ್ಗರಣೆ ಬಿತ್ತು. ಆಗಲೇ ವ್ಯಾನು ಕೆಸರಿನಿಂದ ಮೇಲೆ ಹಾರಿತು. ಟಿವಿಯ ಅತ್ತೆ ಡ್ರೈವರಿನ ಮುಖಕ್ಕೆ ಬೆರಳು ತೋರಿಸಿ ಗುಡುಗಿದಳು:

"ಸ್ಟೇರಿಂಗ್ ಹಿಡಿಯೋ ಕೈಯೇನೋ ಇದು? ನಮ್ಮ ಚಿಕ್ಕಳಿಯನ್ನ ನೋಡಿ ಕಲಿ! ಪಕ್ಕದಲ್ಲಿ ಸಿಡಿಲು ಬಿದ್ರೂ ಅವನ ಕತ್ತಿ ಅಲ್ಲಾಡಲ್ಲ. ಚಿನ್ನದಂಥ ಹುಡುಗ ಅವನು! ದೊಡ್ಡವನೂ ಇದ್ದಾನೆ, ಮನೆ ಮೇಲೆ ತಟ್ಟೆ ಇಟ್ಕೊಂಡು ಆಕಾಶ ನೋಡೋಕೇ ಸರಿ!"

ಶಾಪಿನಲ್ಲಿ ಎದ್ದ ನಗುವಿಗೆ ಎಣ್ಣೆ ಬಾಟಲಿ ಟಿವಿ ಮೇಲಿಂದ ಉರುಳಿತು. ಆ ನಗು ನಾಲ್ಕೂ ಬೆಟ್ಟ ಸುತ್ತಿಕೊಂಡು ಮಾರನೇ ದಿನ ಮತ್ತೆ ಬಂದು ಎಲ್ಲರನ್ನೂ ನಗಿಸಿತು ಎನ್ನುತ್ತಾರೆ.

ಹಿತ್ತಲಲ್ಲಿ ಚಿಕ್ಕಳಿಯ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅತ್ತೆಯ ಕಡೆ ತಿರುಗಿದ. ಅವನ ಕಿವಿ ಕೆಂಪಗಾಗಿತ್ತು.

"ಅತ್ತೆ... ಚಿನ್ನದಂಥ ಹುಡುಗ?"

"ಯಾರು ಹಾಗಂದಿದ್ದು?"

"ನೀವೇ. ಈಗ ತಾನೇ, ಟಿವೀಲಿ."

ಅತ್ತೆ ಕೈಗನ್ನಡಿಯನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿದಳು. ಬಾಗಿಲ ಕನ್ನಡಿಯ ಕಡೆಗೆ ತಿರುಗಿ ಗದ್ದ ಎತ್ತಿ ತೋರಿಸಿದಳು.

"ಸರಿಯಾಗಿ ನೋಡಿ ಹೇಳಿ. ಅವಳ ಮಚ್ಚೆ ಯಾವ ಕಡೆ ಇದೆ?"

"ಬಲಗಡೆ."

"ನಂದು?"

"ಎಡಗಡೆ."

"ಮತ್ತೆ? ಅವಳ್ಯಾರೋ ಬಾಯಿಬಡುಕಿ. ಅವಳ ಮಾತು ಕಟ್ಕೊಂಡು ಹಿಗ್ಗಬೇಡಿ. ಬನ್ನಿ, ಸ್ವಲ್ಪ ಹೊತ್ತು ಕಂಬ ಹಿಡ್ಕೊಳ್ಳಿ, ಕೈ ಸೋತುಹೋಯ್ತು. ಮಗಳೇ, ಆ ಚೀಲ ಒಳಗಿಡು, ದಾರೀಲಿ ಯಾರಾದ್ರೂ ಎಡವಿ ಬಿದ್ದಾರು!"

ಚಿಕ್ಕಳಿಯ ಕಂಬ ಹಿಡಿದ. ಒಳಗೆ ಚಿತ್ರ ಹೋಗಿ ಧ್ವನಿಯಷ್ಟೇ ಉಳಿಯಿತು. ಅಂಗಡಿಯಣ್ಣ ಕಿಟಕಿಯಿಂದ ತಲೆ ಹಾಕಿ, "ಬರೀ ಧ್ವನಿ ಬರ್ತಿದೆ ಕಣೋ!" ಎಂದು ಬಾಯಿ ಬಡಿದುಕೊಂಡ.

ಚಿಕ್ಕಳಿಯನಿಗೆ ಅವತ್ತು ಧ್ವನಿಯೇ ಸಾಕಾಗಿತ್ತು.